ಮಗುವಿನ ಹಿತ ಯಾರ ಕೈಯಲ್ಲಿ?

(ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ)

ಮನೆಗೆ ನುಗ್ಗಿ ದವಸ ಹೊತ್ತುಕೊಂಡು ಹೋದರೆ ನಾವು ಅದನ್ನು ದರೋಡೆ ಅಂತೀವಿ. ಮಗುವನ್ನೇ ಹೊತ್ತುಕೊಂಡು ಹೋದರೆ? ಆಸ್ಟ್ರೇಲಿಯಾದ ಸರ್ಕಾರಗಳು ಅದಕ್ಕೆ 'ರಕ್ಷಣೆ' ಅಂತ ಹೆಸರಿಟ್ಟವು. ಆ ನೆಲದ ಮೂಲಜನರಾದ ಅಬೊರಿಜಿನಲ್ ಜನರ ಮಕ್ಕಳನ್ನು ತಾಯಿಯ ಮಡಿಲಿಂದ ಕಿತ್ತುಕೊಳ್ಳೋದಕ್ಕೆ ಕಾನೂನುಗಳೇ ಇದ್ದವು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1915ರ ತಿದ್ದುಪಡಿಯಾದ ಮೇಲೆ, ತಾಯಿ ಮಗುವನ್ನು ಕಡೆಗಣಿಸಿದಳು ಅಂತ ನ್ಯಾಯಾಲಯದಲ್ಲಿ ರುಜುವಾತು ಮಾಡುವ ಅಗತ್ಯವೂ ಉಳಿಯಲಿಲ್ಲ. ಮಂಡಳಿ ಮನಸ್ಸು ಮಾಡಿದರೆ ಸಾಕಿತ್ತು.

1917ರಲ್ಲಿ ಮಾರ್ಗರೆಟ್ ಟಕರ್ ಎಂಬ ಹುಡುಗಿಯನ್ನು ಹೀಗೇ ಒಯ್ದರು. ಕೂಟಮಂಡ್ರಾದ ಗೃಹದಲ್ಲಿ ಮನೆಗೆಲಸ ಕಲಿಸಿ, ಬಿಳಿಯರ ಮನೆ ಚಾಕರಿಗೆ ಕಳಿಸಿದರು. ಇಂಥವರು ಒಬ್ಬರಿಬ್ಬರಲ್ಲ. 1910ರಿಂದ 1970ರವರೆಗೆ, 10 ಮಕ್ಕಳಲ್ಲಿ ಒಂದರಿಂದ ಹಿಡಿದು 3 ಮಕ್ಕಳಲ್ಲಿ ಒಂದರವರೆಗೆ ಕಿತ್ತುಕೊಂಡಿದ್ದರು ಅಂತ 1997ರ 'ಬ್ರಿಂಗಿಂಗ್ ದೆಮ್ ಹೋಮ್' ವರದಿ ಹೇಳಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಕ್ಷಮೆ ಕೇಳಿದ ಮೇಲೆ ಕೀಳೋದು ನಿಂತಿತೇ? ಆ ದೇಶದ 100 ಮಕ್ಕಳಲ್ಲಿ ಮೂಲಜನರ ಮಕ್ಕಳು ಸುಮಾರು 6. ಹೆತ್ತವರಿಂದ ಬೇರೆ ಮಾಡಿ ಸರ್ಕಾರದ ಏರ್ಪಾಡಿನಲ್ಲಿ ಬೆಳೆಸುವ 100 ಮಕ್ಕಳಲ್ಲಿ ಅವರು 40ಕ್ಕೂ ಹೆಚ್ಚು. ಈಗ ಬಣ್ಣದ ಹೆಸರು ಹೇಳೋದಿಲ್ಲ, 'ಕಡೆಗಣನೆ' ಅಂತಾರೆ. ಒಂದೇ ಮನೆಯಲ್ಲಿ ಹತ್ತು ಜನ ಮಲಗಿದರೆ, ಅಡಿಗೆಮನೆ ಬರಿದಾಗಿದ್ದರೆ, ಬಡತನವೇ ತಾಯಿಯ ಅಪರಾಧವಾಗಿ ಫೈಲು ಸೇರುತ್ತೆ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರ ಮನೆಗಳಲ್ಲಿ ಓಡಾಡಿಕೊಂಡು ಬೆಳೆಯೋ ಮಗು ಸಾಹೇಬರ ಕಣ್ಣಿಗೆ ದಿಕ್ಕಿಲ್ಲದ ಮಗುವಾಗಿ ಕಾಣುತ್ತೆ.

ಇದಕ್ಕೆ ಉತ್ತರ ಹುಟ್ಟಿದ್ದು ಆ ಜನರೊಳಗಿಂದಲೇ. ಮಾರ್ಗರೆಟ್ ಟಕರ್ ಅವರ ಮಗಳು ಮಾಲಿ ಡೈಯರ್ 1970ರ ದಶಕದಲ್ಲಿ ಮೆಲ್ಬರ್ನಿನಲ್ಲಿ 'ವಿಕ್ಟೋರಿಯನ್ ಅಬೊರಿಜಿನಲ್ ಚೈಲ್ಡ್ ಕೇರ್ ಏಜೆನ್ಸಿ' ಕಟ್ಟೋದಕ್ಕೆ ಮುಂದಾದರು. ತಾಯಿಯನ್ನು ಕಿತ್ತುಕೊಂಡ ವ್ಯವಸ್ಥೆಯ ಎದುರು ಮಗಳು ನಿಂತಳು. ಮಗುವಿಗೆ ಮನೆ ಬೇಕಾದರೆ ಮೊದಲು ಬಂಧುಗಳಲ್ಲಿ ನೋಡಿ, ಆಮೇಲೆ ಸಮುದಾಯದಲ್ಲಿ ನೋಡಿ ಎಂಬ ತತ್ವ ಇಂಥ ಹೋರಾಟಗಳಿಂದಲೇ ಕಾನೂನಿಗೆ ಹತ್ತಿತು.

ಇಂಥ ಕುಟುಂಬ ಬೆಂಬಲ ತಂಡದ ಮುಂದಾಳಿನ ಕೆಲಸ ಏನು? ಇದನ್ನು ನಾವು ತಿಳಿಯಬೇಕು.

ನ್ಯೂಜಿಲೆಂಡಿನ ಮಾವೊರಿ ದಾದಿ ಇರಿಹಪೆಟಿ ರಾಮ್ಸ್‌ಡೆನ್ 'ಸಾಂಸ್ಕೃತಿಕ ಸುರಕ್ಷೆ' ಎಂಬ ವಿಚಾರ ಬೆಳೆಸಿದರು. ಅದರ ತಿರುಳು ಇಷ್ಟೆ: ಸೇವೆ ಸುರಕ್ಷಿತವೋ ಅಲ್ಲವೋ ಅಂತ ಹೇಳೋ ಹಕ್ಕು ಸೇವೆ ಪಡೆಯುವವರದು, ಕೊಡುವವರದಲ್ಲ. ಗೋಡೆಗೆ ಬುಡಕಟ್ಟಿನ ಚಿತ್ರ ತೂಗುಹಾಕಿದರೆ ಸುರಕ್ಷೆ ಬರೋಲ್ಲ. ಬಾಗಿಲು ತಟ್ಟಿದ ಸದ್ದಿಗೆ ತಾಯಿ ಮಗುವನ್ನು ಬಚ್ಚಿಡ್ತಾಳೋ, ಒಳಗೆ ಬನ್ನಿ ಅಂತಾಳೋ, ಪರೀಕ್ಷೆ ಅಲ್ಲಿದೆ.

ಆದ್ದರಿಂದ ಮುಂದಾಳು ಮೊದಲು ಆ ಸಮುದಾಯದವರನ್ನೇ ಕೆಲಸಕ್ಕೆ ತರಬೇಕು, ತೀರ್ಮಾನದಲ್ಲೂ ಕೂರಿಸಬೇಕು. ಅವರಲ್ಲಿ ಎಷ್ಟೋ ಜನ ಕಳೆದುಹೋದ ಮಕ್ಕಳ ಮಕ್ಕಳು, ಮೊಮ್ಮಕ್ಕಳು. ಹಗಲು ಬೇರೆಯವರ ಗಾಯ ತೊಳೆದು ರಾತ್ರಿ ತಮ್ಮ ಗಾಯದ ಜೊತೆ ಮಲಗೋರು. ಅವರ ಮನಸ್ಸನ್ನು ನೋಡಿಕೊಳ್ಳೋದೂ ಮುಂದಾಳಿನ ಹೊಣೆ. ತಂಡದಲ್ಲಿ ಬಿಳಿಯರಿದ್ದರೆ ಕಲಿಸೋದಕ್ಕಿಂತ ಮುಂಚೆ ಕೇಳಿಸಿಕೊಳ್ಳೋದನ್ನು ಅವರು ಕಲಿಯಬೇಕು. ಇಲಾಖೆ ಫೈಲು ತೆರೆಯೋ ಮೊದಲೇ ಬಾಡಿಗೆ, ಊಟ, ಔಷಧಿಗೆ ದಾರಿ ಮಾಡಬೇಕು. ಮಗುವನ್ನು ಹೊರಗಿಡೋದಕ್ಕೆ ಸರ್ಕಾರಗಳು ಸುರಿಯೋ ದುಡ್ಡಿನ ಮುಂದೆ ಮನೆ ಉಳಿಸೋದಕ್ಕೆ ಕೊಡೋದು ಸಣ್ಣ ಪಾಲು. ಈ ಲೆಕ್ಕವನ್ನೂ ಸಭೆಗಳಲ್ಲಿ ಎತ್ತಿ ಹೇಳಬೇಕು.

ಕಷ್ಟದ ಮಾತೂ ಆಡೋಣ. ಮಗುವಿಗೆ ನಿಜವಾಗಿ ಪೆಟ್ಟು ಬೀಳ್ತಿದ್ದರೆ? ಸಂಸ್ಕೃತಿಯ ಕಂಬಳಿ ಹೊದಿಸಿ ಮುಚ್ಚೋ ಹಾಗಿಲ್ಲ. ಇಲಾಖೆಗೆ ತಿಳಿಸಲೇಬೇಕಾದ ಸಂದರ್ಭಗಳು ಕಾನೂನಿನಲ್ಲಿವೆ. ಅದನ್ನು ಮೊದಲ ದಿನವೇ ತಾಯಿಗೆ ಬಿಚ್ಚಿ ಹೇಳಬೇಕು. ಎದುರಿಗೆ ನಕ್ಕು ಬೆನ್ನ ಹಿಂದೆ ವರದಿ ಬರೆಯೋರನ್ನು ಆ ಜನ ಮೂರು ತಲೆಮಾರಿಂದ ಕಂಡಿದ್ದಾರೆ.

2017ರಿಂದ ವಿಕ್ಟೋರಿಯಾದಲ್ಲಿ ಕೆಲವು ಮಕ್ಕಳ ಬಗ್ಗೆ ತೀರ್ಮಾನಿಸೋ ಅಧಿಕಾರವೇ ಕಾನೂನಿನಂತೆ ಈ ಸಂಸ್ಥೆಯ ಕೈಗೆ ಬಂದಿದೆ. ಇದು ಗೆಲುವು ಹೌದು. ಆದರೆ ಇಲಾಖೆ ಹಿಡಿದಿದ್ದ ಲೇಖನಿಯೇ ಈಗ ನಮ್ಮವರು ಅನ್ನಿಸಿಕೊಂಡವರ ಕೈಯಲ್ಲಿದೆ. ಹಳೇ ಫಾರಂ, ಹಳೇ ಅಳತೆ, ಹಳೇ ಅನುಮಾನ ಹಾಗೇ ಉಳಿದರೆ ಕೈಯ ಬಣ್ಣ ಬದಲಾಗಿ ಏನು ಬಂತು? ಬಂಧುಗಳೇ, ಅಧಿಕಾರ ಕೇಳೋರೆಲ್ಲ ಉತ್ತರಿಸಬೇಕಾದ ಪ್ರಶ್ನೆ ಇದು. ಕುರ್ಚಿಯಲ್ಲಿ ಯಾರು ಕೂತರು ಅನ್ನೋದರ ಜೊತೆಗೆ, ಆ ಕುರ್ಚಿಯ ಮುಂದೆ ನಿಂತ ತಾಯಿಗೂ ಕೂರೋದಕ್ಕೆ ಜಾಗ ಸಿಕ್ಕಿತೇ ಅಂತ ನಾವು ಕೇಳ್ತಾನೇ ಇರಬೇಕು.