ಒಂದು ದಿನದ ಬಾಳು

ಕೊಡಗಿನಲ್ಲಿ ಬೇಸಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನ ಕಳೆದರೆ ಕಾಫಿ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಮಲ್ಲಿಗೆಯಂಥ ಕಂಪು ದಾರಿಹೋಕರನ್ನೂ ತಡೆದು ನಿಲ್ಲಿಸುತ್ತದೆ. ಎರಡು ಮೂರು ದಿನಗಳಲ್ಲೇ ಆ ಹೂ ಬಾಡುತ್ತದೆ. ಆದರೆ ವರುಷದ ಫಸಲು ನಿಂತಿರುವುದು ಅದರ ಮೇಲೆಯೇ. ಇಂಥ ಅಲ್ಪಾಯುಗಳಿಗೆ ಇಂಗ್ಲಿಷಿನಲ್ಲಿ ಒಂದು ಅಪರೂಪದ ಮಾತುಂಟು: 'ಎಫೆಮೆರಾ'.

ಮಾತಿನ ಮೂಲ ಗ್ರೀಕು. 'ಎಪಿ' ಎಂದರೆ ಮೇಲೆ, 'ಹೆಮೆರಾ' ಎಂದರೆ ದಿನ; ಒಂದು ದಿನದ ಮಟ್ಟಿಗೆ ಇರುವುದು ಎಂದು ತಾತ್ಪರ್ಯ. ಹಿಂದಿನ ವೈದ್ಯರು ಒಂದೇ ದಿನ ಕಾಡಿ ಬಿಡುವ ಜ್ವರವನ್ನು ಹೀಗೆ ಕರೆದರು. ನೀರಿನಲ್ಲಿ ತಿಂಗಳುಗಟ್ಟಲೆ ಮರಿಯಾಗಿದ್ದು, ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನದೆ ಒಂದೆರಡು ದಿನಗಳೊಳಗೆ ಸಾಯುವ ಹೊಳೆಬದಿಯ ಹುಳುವಿಗೂ ಇದೇ ಹೆಸರು. ಗ್ರಹಗಳ ದಿನದಿನದ ಸ್ಥಾನವನ್ನು ತಿಳಿಸುವ 'ಎಫೆಮೆರಿಸ್', ಎಂದರೆ ನಮ್ಮ ಪಂಚಾಂಗದಂಥ ಪಟ್ಟಿ, ಈ ಮಾತಿನ ಒಡಹುಟ್ಟು. 1751ರಲ್ಲಿ ಸ್ಯಾಮುಯೆಲ್ ಜಾನ್ಸನ್ ಎಂಬ ಪಂಡಿತ ದಿನಪತ್ರಿಕೆಗಳಂಥ ಬರಹಗಳಿಗೂ ಈ ಮಾತನ್ನು ಬಳಸಿದ. ಈಗ ಅದು ಕೆಲಸ ತೀರಿದೊಡನೆ ಬಿಸಾಡುವ ಕಾಗದಗಳಿಗೆಲ್ಲ ಸಲ್ಲುತ್ತದೆ: ಬಸ್ ಟಿಕೇಟು, ಲಗ್ನಪತ್ರಿಕೆ, ಕರಪತ್ರ, ಅಂಗಡಿಯ ರಸೀದಿ. ಇವುಗಳನ್ನು ಕಾಪಾಡಲೆಂದೇ 1975ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು.

ಕಸವನ್ನು ಕಾಪಾಡುವುದೇಕೆ ಎಂದು ನೀವು ಕೇಳಬಹುದು. ಕೊಡಗಿನ ಕಥೆಯನ್ನೇ ನೋಡಿ. 1950ರಲ್ಲಿ ಅದು ಒಂದು ಪ್ರತ್ಯೇಕ ರಾಜ್ಯವಾಯಿತು. 1952ರ ಚುನಾವಣೆಯ ಮೇಲೆ 24 ಸದಸ್ಯರ ವಿಧಾನಸಭೆಯೂ ಸಿ. ಎಂ. ಪೂಣಚ್ಚನವರ ಮಂತ್ರಿಮಂಡಲವೂ ಬಂದವು. ಮೈಸೂರಿನೊಡನೆ ಸೇರುವುದು ಬೇಡವೆಂದ ಪಂದ್ಯಂಡ ಬೆಳ್ಯಪ್ಪನವರ ಕಡೆಯವರನ್ನು ಜನ 'ತಕ್ಕಡಿ ಪಕ್ಷ' ಎಂದು ಕರೆದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಏಳು ವರುಷ ತುಂಬದ ರಾಜ್ಯ ಅದು!

ಅದರ ಕಾಯಿದೆಗಳು ಸರ್ಕಾರದ ಕಡತದಲ್ಲಿ ಸಿಕ್ಕಾವು. ಆದರೆ ಅಂದು ಸಂತೆಯಲ್ಲಿ ಹಂಚಿದ ಕರಪತ್ರದಲ್ಲಿ ಏನು ಬರೆದಿತ್ತು? ಎರಡು ಪಕ್ಷದವರೂ ಮತದಾರನನ್ನು ಯಾವ ಮಾತಿನಿಂದ ಒಲಿಸಿಕೊಂಡರು? ಅದನ್ನು ಹೇಳಬಲ್ಲದ್ದು ಕಡತವಲ್ಲ. ಯಾವುದೋ ಮನೆಯ ಅಟ್ಟದಲ್ಲಿ, ಹಳೆಯ ಪುಸ್ತಕದ ಎಲೆಗಳ ನಡುವೆ, ಮರೆತು ಉಳಿದ ಒಂದು ಚೂರು ಕಾಗದ. ಒಮ್ಮೆ ಒಲೆಗೆ ಹೋದರೆ ಅದು ಮತ್ತೆ ಹುಟ್ಟದು.

ಎಲ್ಲವನ್ನೂ ಕೂಡಿಡಿ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಮನುಷ್ಯರೂ ಇರಬೇಕಷ್ಟೆ. ಆದರೆ ಮುಂದಿನ ಸಲ ಪೆಟ್ಟಿಗೆ ಗುಡಿಸುವಾಗ ಹಿರಿಯರ ಕಾಲದ ಕಾಗದವೊಂದು ಕೈಗೆ ಬಂದರೆ, ಹರಿಯುವ ಮೊದಲು ಒಮ್ಮೆ ಓದಿರಿ. ಅದು ಎಲ್ಲಿಯದು, ಯಾವ ವರುಷದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಒಂದು ದಿನಕ್ಕೆಂದು ಅಚ್ಚಾದದ್ದು ಮೊಮ್ಮಕ್ಕಳ ಕಾಲಕ್ಕೂ ಮಾತನಾಡೀತು.