ಕೂಸಿನ ಮನೆಯ ಬಾಗಿಲು ತಂದೆಗೂ ತೆರೆಯಲಿ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತನ್ನು ನಾವು ಬಹಳ ಆಡಿದ್ದೇವೆ. ಇಂದು ಒಲೆ ಮತ್ತು ತೊಟ್ಟಿಲಿನ ಮಾತಾಡೋಣ. ಮನೆಯೊಳಗಿನ ವಿಷಯ ಸಂಘಕ್ಕೇಕೆ ಎಂದು ಕೆಲವರು ಕೇಳಿಯಾರು.

ತಂದೆ ದುಡಿದು ತರಬೇಕು, ತಾಯಿ ಮಕ್ಕಳನ್ನು ಸಾಕಬೇಕು ಎಂಬುದು ಹಳೆಯ ಕಟ್ಟಳೆ. ಬಡವರ ಮನೆಯಲ್ಲಿ ಅದು ಎಂದೂ ಪೂರ್ತಿ ನಡೆದದ್ದಲ್ಲ. ತಾಯಿ ಗಿರಣಿಯಲ್ಲಿ ದುಡಿದಳು, ಅಂಗಡಿಯ ಗಲ್ಲೆಯ ಮುಂದೆ ಕುಳಿತಳು. ಸಾಕುವ ಭಾರ ಮಾತ್ರ ಅವಳ ತಲೆಯಿಂದ ಇಳಿಯಲಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನರ ದಿನಚರಿಯ ಸಮೀಕ್ಷೆ ನಡೆಸಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಕೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ. ಅಂಥವರು ನಾಲ್ವರಲ್ಲಿ ಸುಮಾರು ಒಬ್ಬ!

ಕಾನೂನೂ ಈ ಕಟ್ಟಳೆಯನ್ನೇ ಹಿಡಿದಿದೆ. 1961ರ ಕಾಯಿದೆ ತಾಯಿಗೆ 12 ವಾರಗಳ ಹೆರಿಗೆ ರಜೆ ಕೊಟ್ಟಿತು. 2017ರಲ್ಲಿ ಮೊದಲ ಎರಡು ಹೆರಿಗೆಗಳಿಗೆ ಅದು 26 ವಾರವಾಯಿತು. ಇದು ಒಳ್ಳೆಯದೇ. ಆದರೆ ತಂದೆಗೆ? ಕೇಂದ್ರ ಸರ್ಕಾರದ ನೌಕರನಿಗೆ 15 ದಿನ ಉಂಟು. ಗಿರಣಿಯ ಕಾರ್ಮಿಕನಿಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ.

ಕೂಸಿನ ಮನೆಯ ಸಂಗತಿ ನೋಡಿ. ಹಿಂದೆ ಕಾರ್ಖಾನೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಾತ್ರ ಅದು ಕಡ್ಡಾಯವಾಗಿತ್ತು. 2017ರಲ್ಲಿ ಗಂಡಸರನ್ನೂ ಎಣಿಸಿ 50 ನೌಕರರಿದ್ದರೆ ಸಾಕೆಂದರು. ಆದರೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡುವ ಹಕ್ಕು ತಾಯಿಗೆ ಮಾತ್ರ. ಲೆಕ್ಕಕ್ಕೆ ತಂದೆ ಬೇಕು, ಮಗುವಿಗೆ ಬೇಡ!

ಇದರಿಂದ ನಷ್ಟ ಯಾರಿಗೆ? ಇ.ಎಸ್.ಐ. ಇಲ್ಲದ ಕಡೆ ಹೆರಿಗೆ ರಜೆಯ ಸಂಬಳವನ್ನು ಮಾಲಿಕನೇ ತೆರಬೇಕು. ಹೆಂಗಸು ದುಬಾರಿ ಎಂದು ಅವನು ಕೆಲಸವನ್ನೇ ನಿರಾಕರಿಸುತ್ತಾನೆ. ರಜೆ ಇಬ್ಬರಿಗೂ ಸಿಕ್ಕರೆ ಆ ನೆಪದ ಬಲ ಕುಗ್ಗುತ್ತದೆ. ಆದ್ದರಿಂದಲೇ ಇದು ಸಂಘದ ಬೇಡಿಕೆ: ತಂದೆಗೂ ಸಂಬಳದ ರಜೆ, ಕೂಸಿನ ಮನೆಗೆ ತಂದೆಗೂ ಪ್ರವೇಶ.

ವ್ಯಾಪಾರಿ ಬಂಧುಗಳೇ, ನಿಮ್ಮ ಅಂಗಡಿಯಲ್ಲಿ ಕೂರುವ ಮನೆಯಾಕೆಗೆ ಸಂಬಳವಿಲ್ಲ, ರಜೆಯೂ ಇಲ್ಲ. ಅಲ್ಲಿ ಕಾಯಿದೆ ಮಾಡುವವರು ನೀವೇ.

ಪಾಳಿ ಮುಗಿಸಿ ಬಂದ ಗಂಡಸು ಚಹಾಕ್ಕೆ ಕಾಯುತ್ತಾನೆ. ಅದೇ ಪಾಳಿ ಮುಗಿಸಿ ಬಂದ ಹೆಂಗಸು ಒಲೆ ಹಚ್ಚುತ್ತಾಳೆ. ಮಾಲಿಕ ಪುಕ್ಕಟೆ ದುಡಿಸಿಕೊಂಡರೆ ನಾವು ಅದನ್ನು ಶೋಷಣೆ ಎನ್ನುತ್ತೇವೆ. ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಡುವುದು ನ್ಯಾಯವಲ್ಲ. ಕಾನೂನಿಗಾಗಿ ಹೋರಾಡೋಣ, ಒಲೆಯ ಮುಂದೆ ಕೂರಲು ಮಾತ್ರ ಯಾವ ಕಾನೂನಿಗೂ ಕಾಯುವುದು ಬೇಡ.