ಹೊಟ್ಟೆಯ ಹುಣ್ಣು, ಒಂದು ಬ್ಯಾಕ್ಟೀರಿಯಾ

ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳು ನಾನು. ಇವತ್ತು ಒಂದೇ ಒಂದು ಬ್ಯಾಕ್ಟೀರಿಯಾದ ಬಗ್ಗೆ ಮಾತಾಡುತ್ತೇನೆ: ಹೆಲಿಕೋಬ್ಯಾಕ್ಟರ್ ಪೈಲೋರಿ.

ನಮ್ಮ ಮನೆಗಳಲ್ಲಿ ಹೆಂಗಸಿಗೆ ಅಲ್ಸರ್ ಆದರೆ ಬೈಗುಳವೂ ಅವಳಿಗೇ. ಹೊತ್ತಿಗೆ ಉಣ್ಣಲ್ಲ, ಉಪವಾಸ ಜಾಸ್ತಿ, ಖಾರ ಜಾಸ್ತಿ, ಸುಮ್ಮನೆ ಚಿಂತೆ ಮಾಡ್ತಾಳೆ. ನನ್ನ ಸೋದರತ್ತೆ ವರ್ಷಗಟ್ಟಲೆ ಮಜ್ಜಿಗೆ ಅನ್ನದಲ್ಲೇ ಕಾಲ ತಳ್ಳಿದರು. ಡಾಕ್ಟರರೂ ಆಗ ಹಾಗೇ ನಂಬಿದ್ದರು. ಅಷ್ಟು ಆಸಿಡ್ ಇರುವ ಜಠರದಲ್ಲಿ ಯಾವ ಜೀವಿ ತಾನೆ ಬದುಕೀತು?

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು 1979ರಲ್ಲಿ ಜಠರದ ಒಳಪದರದ ತುಣುಕಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಜೊತೆಗೂಡಿದರು. ಲ್ಯಾಬಿನಲ್ಲಿ ಬೆಳೆಸಲು ನೋಡಿದರೆ ಏನೂ ಬೆಳೆಯದು. ಎರಡು ದಿನಕ್ಕೆ ತಟ್ಟೆಗಳನ್ನು ಎಸೆಯುವುದು ಅಲ್ಲಿನ ರೂಢಿ. 1982ರ ಈಸ್ಟರ್ ರಜೆಯಲ್ಲಿ ಎಸೆಯದೆ ಉಳಿದವು. ಬಂದು ನೋಡಿದರೆ ಬೆಳೆದು ಕೂತಿದೆ! ಬಲು ನಿಧಾನದ ಜೀವಿ, ಅಷ್ಟೇ. ಚಳಿಗಾಲದಲ್ಲಿ ಇಡ್ಲಿ ಹಿಟ್ಟಿಗೆ ಕಾದವರಿಗೆ ಇದು ಹೊಸದಲ್ಲ.

ಆದರೂ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದುಬಿಟ್ಟರು. ಹೆಂಡತಿಗೆ ಮೊದಲು ಹೇಳಿರಲಿಲ್ಲವಂತೆ. ಗಂಡಸರ ಈ ಬುದ್ಧಿ ನಮಗೆ ಗೊತ್ತಿದ್ದದ್ದೇ. ಕೆಲವೇ ದಿನಗಳಲ್ಲಿ ವಾಂತಿ, ಜಠರದಲ್ಲಿ ಉರಿಯೂತ. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಆಸಿಡ್‌ನಲ್ಲಿ ಅದು ಬದುಕುವ ಉಪಾಯ ನನಗೆ ತುಂಬ ಇಷ್ಟ. ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾ ಒಡೆದು ಅಮೋನಿಯಾ ಮಾಡಿಕೊಂಡು, ಸುತ್ತಲಿನ ಆಸಿಡ್ಡನ್ನು ತಣಿಸುತ್ತದೆ. ಉಸಿರಿನಿಂದಲೇ ಸೋಂಕು ಪತ್ತೆ ಮಾಡುವ ಪರೀಕ್ಷೆಗೂ ಇದೇ ಆಧಾರ.

ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಅಂಟುತ್ತದೆ, ಮನೆಯವರಿಂದಲೇ ಹೆಚ್ಚು. ಬಹಳ ಜನಕ್ಕೆ ಏನೂ ಆಗುವುದಿಲ್ಲ. ಕೆಲವರಿಗೆ ಹುಣ್ಣು, ಇನ್ನೂ ಕಡಿಮೆ ಜನರಿಗೆ ಜಠರದ ಕ್ಯಾನ್ಸರ್. 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದರು. ಹಾಗಂತ ಎಲ್ಲ ಎದೆಯುರಿಗೂ ಇದೇ ಕಾರಣ ಅನ್ನಬೇಡಿ. ಮಂಡಿನೋವಿಗೆ ನುಂಗುವ ಮಾತ್ರೆಗಳೂ ಹುಣ್ಣು ಮಾಡುತ್ತವೆ.

ಮೆಡಿಕಲ್ ಶಾಪಿನಿಂದ ತಂದ ಆಂಟಾಸಿಡ್ ಕುಡಿದು ವರ್ಷ ಕಳೆಯುತ್ತಿರುವವರು ಇಲ್ಲೂ ಇದ್ದೀರಿ, ನನಗೆ ಗೊತ್ತು. ಡಾಕ್ಟರ ಹತ್ತಿರ ಹೋಗಿ, ಪೈಲೋರಿ ಪರೀಕ್ಷೆ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಮಲ ಟಾರಿನಂತೆ ಕಪ್ಪಗಾದರೆ, ರಕ್ತ ವಾಂತಿಯಾದರೆ ಅವತ್ತೇ ಆಸ್ಪತ್ರೆ. ಸೋಂಕಿದ್ದರೆ ಆಂಟಿಬಯಾಟಿಕ್‌ಗಳ ಜೊತೆ ಆಸಿಡ್ ತಗ್ಗಿಸುವ ಮಾತ್ರೆ, ಸಾಮಾನ್ಯವಾಗಿ ಎರಡು ವಾರ. ನೋವು ಹೋಯಿತೆಂದು ನಡುವೆ ಬಿಡಬೇಡಿ. ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಬಹುದು. ಮುಗಿದ ಮೇಲೆ ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.